ರಾಥ್‌ಚೈಲ್ಡ್ ಕುಟುಂಬ ಜಗತ್ತನ್ನೇ ಆಳುತ್ತಿದೆಯೇ? ಬೀಗ ಬೀಳುತ್ತಿದ್ದ ಬೀದಿಯಿಂದ ಬ್ಯಾಂಕ್‌ವರೆಗಿನ ನಿಜಕಥೆ

ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಈ ಸಂದೇಶ ಬಂದಿರಬಹುದು. ಜಗತ್ತಿನ ಎಲ್ಲಾ ಬ್ಯಾಂಕ್‌ಗಳೂ ಒಂದೇ ಕುಟುಂಬದ ಕೈಯಲ್ಲಿವೆಯಂತೆ. ಯುದ್ಧ ಶುರು ಮಾಡಿಸುವುದೂ ಅವರೇ, ನಿಲ್ಲಿಸುವುದೂ ಅವರೇ ಅಂತೆ. ಅವರ ಆಸ್ತಿ 500 ಲಕ್ಷ ಕೋಟಿ ಡಾಲರ್ ಅಂತೆ. ಕೊನೆಯಲ್ಲಿ, 'ಇದನ್ನು ಯಾವ ಟಿವಿಯೂ ತೋರಿಸುವುದಿಲ್ಲ, ಹತ್ತು ಜನರಿಗೆ ಕಳುಹಿಸಿ' ಎಂಬ ಸಾಲು.

ಆ ಕುಟುಂಬದ ಹೆಸರು ರಾಥ್‌ಚೈಲ್ಡ್. ಅದು ಕಾಲ್ಪನಿಕ ಕುಟುಂಬವಲ್ಲ. 19ನೇ ಶತಮಾನದ ಯುರೋಪಿನಲ್ಲಿ ಅದಕ್ಕಿಂತ ದೊಡ್ಡ ಬ್ಯಾಂಕ್ ಇರಲಿಲ್ಲ ಎಂಬುದೂ ನಿಜ. ಆದರೆ ಅವರು ಹೇಗೆ ಬೆಳೆದರು, ಅವರ ಕೈಯಲ್ಲಿ ಎಷ್ಟು ಅಧಿಕಾರವಿತ್ತು, ಅದು ಯಾವಾಗ ಇಳಿಯಿತು ಎಂಬುದಕ್ಕೆಲ್ಲ ದಾಖಲೆಗಳಿವೆ. ಫಾರ್ವರ್ಡ್‌ಗಳು ಹೇಳುವ ಕಥೆಗೂ ಆ ದಾಖಲೆಗಳಿಗೂ ತಾಳೆಯಾಗುವುದಿಲ್ಲ. ಬನ್ನಿ, ಮೊದಲಿನಿಂದ ನೋಡೋಣ.

ರಾತ್ರಿ ಬೀಗ ಬೀಳುತ್ತಿದ್ದ ಬೀದಿ

ಕಥೆ ಶುರುವಾಗುವುದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. 1462ರಲ್ಲಿ ಅಲ್ಲಿನ ಆಡಳಿತ ಊರಿನ ಯಹೂದಿಗಳೆಲ್ಲರೂ ಒಂದೇ ಬೀದಿಯಲ್ಲಿ ವಾಸಿಸಬೇಕು ಎಂದು ಆಜ್ಞೆ ಮಾಡಿತು. ಆ ಬೀದಿಯ ಹೆಸರು 'ಯೂಡೆನ್‌ಗಾಸೆ', ಅಂದರೆ ಯಹೂದಿಗಳ ಓಣಿ. ಬೀದಿಗೆ ಗೇಟುಗಳಿದ್ದವು. ರಾತ್ರಿ, ಭಾನುವಾರ ಮತ್ತು ಕ್ರೈಸ್ತರ ಹಬ್ಬದ ದಿನಗಳಲ್ಲಿ ಅವುಗಳಿಗೆ ಬೀಗ ಬೀಳುತ್ತಿತ್ತು. 18ನೇ ಶತಮಾನದ ಹೊತ್ತಿಗೆ ಆ ಕಿರಿದಾದ ಓಣಿಯಲ್ಲಿ ಸುಮಾರು 3,000 ಜನ ತುಂಬಿಕೊಂಡಿದ್ದರು. ವರ್ಷಕ್ಕೆ ಇಷ್ಟೇ ಮದುವೆ ನಡೆಯಬೇಕು ಎಂಬ ಮಿತಿಯೂ ಇತ್ತು: ಇಡೀ ಬೀದಿಗೆ 12!

ಆಗ ಮನೆಗಳಿಗೆ ನಂಬರ್ ಇರಲಿಲ್ಲ. ಬಾಗಿಲ ಮೇಲಿನ ಗುರುತಿನಿಂದ ಮನೆಯನ್ನು ಕರೆಯುತ್ತಿದ್ದರು. ಈ ಕುಟುಂಬದ ಪೂರ್ವಜರು ಇದ್ದ ಮನೆಗೆ ಕೆಂಪು ಗುರಾಣಿಯ ಗುರುತಿತ್ತು. ಜರ್ಮನ್ ಭಾಷೆಯಲ್ಲಿ ಕೆಂಪು ಗುರಾಣಿಗೆ 'ರೋಟೆಸ್ ಶಿಲ್ಟ್' ಎನ್ನುತ್ತಾರೆ. ಅದೇ ಮುಂದೆ ರಾಥ್‌ಚೈಲ್ಡ್ ಆಯಿತು. ಇದರಲ್ಲಿ ಯಾವ ಗುಪ್ತ ಸಂಕೇತವೂ ಇಲ್ಲ. ನಮ್ಮಲ್ಲಿ ಊರಿನ ಹೆಸರು, ಮನೆತನದ ಹೆಸರು ಹೆಸರಿನ ಜೊತೆ ಅಂಟಿಕೊಂಡ ಹಾಗೆ. ಮುಂದೆ ಕುಟುಂಬ ಹಸಿರು ಗುರಾಣಿಯ ಮನೆಗೆ ಹೋಯಿತು, ಆದರೆ ಹೆಸರು ಮಾತ್ರ ಕೆಂಪಾಗಿಯೇ ಉಳಿಯಿತು.

ಈ ಬೀದಿಯಲ್ಲೇ 1744ರಲ್ಲಿ ಮೇಯರ್ ಆಮ್‌ಶೆಲ್ ರಾಥ್‌ಚೈಲ್ಡ್ ಹುಟ್ಟಿದ್ದು. ಸುಮಾರು 12 ವರ್ಷ ಆಗುವಷ್ಟರಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ.

ಯಹೂದಿಗಳು ಲೇವಾದೇವಿಗೆ ಬಂದದ್ದು ಯಾಕೆ?

'ಹಣ ಮಾಡುವುದು ಅವರ ರಕ್ತದಲ್ಲೇ ಇದೆ' ಎಂಬ ಮಾತನ್ನು ನೀವು ಕೇಳಿರಬಹುದು. ಇದು ರಕ್ತದ ವಿಷಯವಲ್ಲ, ಕಾನೂನಿನ ವಿಷಯ. ಯುರೋಪಿನ ಬಹುತೇಕ ಕಡೆ ಯಹೂದಿಗಳು ಜಮೀನು ಹೊಂದುವಂತಿರಲಿಲ್ಲ. ಬಡಗಿ, ಕಮ್ಮಾರ, ನೇಕಾರರ ಕುಶಲಕರ್ಮಿ ಸಂಘಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು ಕಡೆ, ಬಡ್ಡಿಗೆ ಸಾಲ ಕೊಡುವುದು ಪಾಪ ಎಂದು ಚರ್ಚ್ ಶತಮಾನಗಳ ಕಾಲ ಕ್ರೈಸ್ತರಿಗೆ ಹೇಳುತ್ತಿತ್ತು. ಆದರೆ ಸಾಲ ಎಲ್ಲರಿಗೂ ಬೇಕಿತ್ತು, ರಾಜರಿಗೂ ಸಹ. ಹೀಗೆ ಯಹೂದಿಗಳಿಗೆ ಉಳಿದ ಕೆಲವೇ ದಾರಿಗಳೆಂದರೆ ಸಣ್ಣ ವ್ಯಾಪಾರ, ಹಳೆ ಸಾಮಾನು ಮಾರಾಟ, ನಾಣ್ಯ ವಿನಿಮಯ ಮತ್ತು ಲೇವಾದೇವಿ.

ಆ ದಾರಿ ಹಿಡಿದವರೆಲ್ಲ ಶ್ರೀಮಂತರಾಗಲಿಲ್ಲ. ಯೂಡೆನ್‌ಗಾಸೆಯ ಹೆಚ್ಚಿನವರು ಬಡವರಾಗಿಯೇ ಬದುಕಿ ಸತ್ತರು. ಒಂದು ಮನೆಯ ಯಶಸ್ಸನ್ನು ಇಡೀ ಸಮುದಾಯದ ಗುಣ ಎಂದು ಹೇಳುವುದು ಇಲ್ಲಿಯೇ ತಪ್ಪುತ್ತದೆ.

ಹಳೆಯ ನಾಣ್ಯದಿಂದ ರಾಜನ ಲೆಕ್ಕಪತ್ರಕ್ಕೆ

ಮೇಯರ್ ಹ್ಯಾನೋವರ್ ನಗರದ ಒಂದು ಯಹೂದಿ ಬ್ಯಾಂಕಿನಲ್ಲಿ ಕೆಲಸ ಕಲಿತು ಫ್ರಾಂಕ್‌ಫರ್ಟ್‌ಗೆ ಮರಳಿದ. ಹಳೆಯ, ಅಪರೂಪದ ನಾಣ್ಯಗಳನ್ನು ಸಂಗ್ರಹಿಸಿ ಮಾರುವ ವ್ಯಾಪಾರ ಶುರು ಮಾಡಿದ. ಅಂಥ ನಾಣ್ಯ ಕೊಳ್ಳುವವರು ಯಾರು? ರಾಜಮನೆತನದವರು. ಹೆಸ್ಸೆ-ಕಾಸೆಲ್ ಎಂಬ ಸಂಸ್ಥಾನದ ರಾಜಕುಮಾರ ವಿಲ್ಹೆಲ್ಮ್ ಆತನ ಗಿರಾಕಿಯಾದ. 1769ರಲ್ಲಿ ಮೇಯರ್‌ಗೆ 'ಅರಮನೆಯ ವ್ಯಾಪಾರಿ' ಎಂಬ ಬಿರುದು ಸಿಕ್ಕಿತು.

ಈ ಹೆಸ್ಸೆ-ಕಾಸೆಲ್ ಸಾಮಾನ್ಯ ಸಂಸ್ಥಾನವಲ್ಲ. ತನ್ನ ಸೈನಿಕರನ್ನು ಬಾಡಿಗೆಗೆ ಕೊಟ್ಟು ಹಣ ಮಾಡುತ್ತಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ ಪರವಾಗಿ ಹೋರಾಡಿದ ಜರ್ಮನ್ ಸೈನಿಕರಲ್ಲಿ ಹೆಚ್ಚಿನವರು ಇಲ್ಲಿಯವರೇ. ಆ ಹಣವೆಲ್ಲ ಸೇರಿ ವಿಲ್ಹೆಲ್ಮ್ ಯುರೋಪಿನ ಅತಿ ಶ್ರೀಮಂತ ರಾಜರಲ್ಲಿ ಒಬ್ಬನಾಗಿದ್ದ. ಅಂಥವನ ಲೆಕ್ಕಪತ್ರದಲ್ಲಿ ಒಂದು ಸಣ್ಣ ಪಾಲು ಸಿಕ್ಕರೂ ಅದು ದೊಡ್ಡ ವ್ಯವಹಾರ. ಮೇಯರ್‌ಗೆ ಆ ಪಾಲು ಒಂದೇ ದಿನದಲ್ಲಿ ಸಿಗಲಿಲ್ಲ, ದಶಕಗಳೇ ಹಿಡಿದವು.

1806ರಲ್ಲಿ ನೆಪೋಲಿಯನ್‌ನ ಸೈನ್ಯ ಬಂದಾಗ ವಿಲ್ಹೆಲ್ಮ್ ಓಡಿಹೋಗಬೇಕಾಯಿತು. ಆಗ ಮೇಯರ್ ರಾಜನ ಇಡೀ ನಿಧಿಯನ್ನು ತನ್ನ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಕಾಪಾಡಿದ ಎಂಬ ಕಥೆಯಿದೆ. ಇದು ಪೂರ್ತಿ ನಿಜವಲ್ಲ. ನಿಧಿಯ ಹೆಚ್ಚಿನ ಭಾಗವನ್ನು ರಾಜನ ಅಧಿಕಾರಿಗಳೇ ಬೇರೆಡೆ ಸಾಗಿಸಿದ್ದರು. ಮೇಯರ್ ನೋಡಿಕೊಂಡದ್ದು ಕೆಲವು ಕಾಗದಪತ್ರಗಳನ್ನು, ಸಾಲದ ಬಡ್ಡಿ ವಸೂಲಿಯನ್ನು ಮತ್ತು ಲಂಡನ್‌ನಲ್ಲಿ ಹಣ ಹೂಡುವ ಕೆಲಸವನ್ನು. ತಮಾಷೆ ಎಂದರೆ ಈ ಕಥೆಯನ್ನು ಹರಡಿದ್ದರಲ್ಲಿ ರಾಥ್‌ಚೈಲ್ಡ್‌ಗಳ ಕೈಯೂ ಇದೆ. ತಾವು ಎಷ್ಟು ನಂಬಿಕಸ್ಥರು ಎಂದು ತೋರಿಸಲು ಆ ದೃಶ್ಯದ ವರ್ಣಚಿತ್ರಗಳನ್ನೇ 1861ರಲ್ಲಿ ಬರೆಸಿದರು. ದಂತಕಥೆ ಶತ್ರುಗಳಿಗಷ್ಟೇ ಅಲ್ಲ, ಮನೆಯವರಿಗೂ ಇಷ್ಟವೇ.

ಐವರು ಮಕ್ಕಳು, ಐದು ನಗರ

ಮೇಯರ್ ಮತ್ತು ಹೆಂಡತಿ ಗುಟ್ಲೆಗೆ ಐದು ಗಂಡು, ಐದು ಹೆಣ್ಣು ಮಕ್ಕಳು. ಗಂಡು ಮಕ್ಕಳು ಒಬ್ಬೊಬ್ಬರಾಗಿ ಒಂದೊಂದು ನಗರದಲ್ಲಿ ನೆಲೆಯೂರಿದರು. ಆಮ್‌ಶೆಲ್ ಫ್ರಾಂಕ್‌ಫರ್ಟ್‌ನಲ್ಲೇ ಉಳಿದ. ಸಾಲೊಮನ್ ವಿಯೆನ್ನಾಕ್ಕೆ, ನೇಥನ್ ಲಂಡನ್‌ಗೆ, ಕಾರ್ಲ್ ನೇಪಲ್ಸ್‌ಗೆ, ಕಿರಿಯ ಜೇಮ್ಸ್ ಪ್ಯಾರಿಸ್‌ಗೆ ಹೋದರು. ಅವರ ಲಾಂಛನದಲ್ಲಿ ಒಂದು ಮುಷ್ಟಿಯಲ್ಲಿ ಐದು ಬಾಣಗಳಿವೆ. ಒಂಟಿ ಕಡ್ಡಿ ಮುರಿಯಬಹುದು, ಕಟ್ಟನ್ನು ಮುರಿಯಲಾಗದು ಎಂಬ ನಮಗೆಲ್ಲ ಗೊತ್ತಿರುವ ನೀತಿಯೇ ಅಲ್ಲೂ ಇರುವುದು.

1812ರಲ್ಲಿ ಮೇಯರ್ ಸಾಯುವ ಮುನ್ನ ಬರೆಸಿದ ಉಯಿಲು ಕಠಿಣವಾಗಿತ್ತು. ಹೆಣ್ಣು ಮಕ್ಕಳಿಗೆ, ಅಳಿಯಂದಿರಿಗೆ ವ್ಯವಹಾರದಲ್ಲಿ ಪಾಲಿಲ್ಲ, ಲೆಕ್ಕ ನೋಡುವ ಹಕ್ಕೂ ಇಲ್ಲ. ಹಣ ಹೊರಹೋಗಬಾರದು ಎಂದು ಮುಂದೆ ಕುಟುಂಬದೊಳಗೇ ಮದುವೆಗಳು ನಡೆದವು. ಜೇಮ್ಸ್ ಮದುವೆಯಾದದ್ದು ತನ್ನ ಅಣ್ಣ ಸಾಲೊಮನ್‌ನ ಮಗಳನ್ನೇ. ಗುಟ್ಲೆ ಮಾತ್ರ ಮಕ್ಕಳು ಅರಮನೆ ಕಟ್ಟಿದ ಮೇಲೂ ಆ ಹಳೆಯ ಓಣಿಯ ಮನೆ ಬಿಡಲಿಲ್ಲ. 1849ರಲ್ಲಿ 95ನೇ ವಯಸ್ಸಿನಲ್ಲಿ ಕೊನೆಯುಸಿರೆಳೆಯುವವರೆಗೂ ಯೂಡೆನ್‌ಗಾಸೆಯೇ ಆಕೆಯ ವಿಳಾಸ.

ಚಿನ್ನದ ಸಾಗಣೆ

ಐವರಲ್ಲಿ ಹೆಚ್ಚು ಚುರುಕಾದವನು ನೇಥನ್. ಮೊದಲು ಮ್ಯಾಂಚೆಸ್ಟರ್‌ಗೆ ಹೋಗಿ ಬಟ್ಟೆ ವ್ಯಾಪಾರ ಮಾಡಿದ, ನಂತರ ಲಂಡನ್‌ನಲ್ಲಿ ಬ್ಯಾಂಕ್ ತೆರೆದ. ಆಗ ಬ್ರಿಟಿಷ್ ಸೇನಾಧಿಪತಿ ವೆಲಿಂಗ್ಟನ್ ಸ್ಪೇನ್, ಪೋರ್ಚುಗಲ್‌ನಲ್ಲಿ ನೆಪೋಲಿಯನ್ ವಿರುದ್ಧ ಹೋರಾಡುತ್ತಿದ್ದ. ಸೈನಿಕರಿಗೆ ಸಂಬಳ ಕೊಡಲು, ಊಟ ಕೊಳ್ಳಲು ನಾಣ್ಯ ಬೇಕು. ಲಂಡನ್‌ನ ಕಾಗದದ ಹುಂಡಿಗೆ ಅಲ್ಲಿನ ರೈತ ಬೆಲೆ ಕೊಡುವುದಿಲ್ಲ.

ನೇಥನ್ ತಾನೇ ಮುಂದೆ ಹೇಳಿಕೊಂಡಂತೆ, ಈಸ್ಟ್ ಇಂಡಿಯಾ ಕಂಪನಿ ಮಾರಾಟಕ್ಕಿಟ್ಟಿದ್ದ 8 ಲಕ್ಷ ಪೌಂಡ್ ಬೆಲೆಯ ಚಿನ್ನವನ್ನು ಆತ ಕೊಂಡುಕೊಂಡ. ವೆಲಿಂಗ್ಟನ್‌ಗೆ ಅದು ಬೇಕೇ ಬೇಕು ಎಂದು ಆತನಿಗೆ ಗೊತ್ತಿತ್ತು. ಭಾರತದಲ್ಲಿ ವ್ಯಾಪಾರ, ಆಳ್ವಿಕೆ ಎರಡನ್ನೂ ನಡೆಸುತ್ತಿದ್ದ ಅದೇ ಕಂಪನಿ ಇದು. 1814ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರವೇ ಆತನಿಗೆ ಗುಟ್ಟಾಗಿ ಫ್ರೆಂಚ್ ಚಿನ್ನದ ನಾಣ್ಯ ಸಂಗ್ರಹಿಸಿ ಸೈನ್ಯಕ್ಕೆ ತಲುಪಿಸುವ ಕೆಲಸ ಕೊಟ್ಟಿತು. ಒಂದೇ ಕಡೆ ಕೊಂಡರೆ ಬೆಲೆ ಏರುತ್ತದೆ, ಸುದ್ದಿಯೂ ಹರಡುತ್ತದೆ. ಬೇರೆ ಬೇರೆ ನಗರಗಳಲ್ಲಿ ಅಣ್ಣತಮ್ಮಂದಿರು ಇದ್ದದ್ದರಿಂದ ಸದ್ದಿಲ್ಲದೆ ಸಂಗ್ರಹಿಸಲು ಆಯಿತು.

ವಾಟರ್ಲೂ: 180 ವರ್ಷದಿಂದ ಫಾರ್ವರ್ಡ್ ಆಗುತ್ತಿರುವ ಸುಳ್ಳು

ಎಲ್ಲ ಫಾರ್ವರ್ಡ್‌ಗಳಲ್ಲೂ ಬರುವ ಕಥೆ ಇದು. 1815ರ ಜೂನ್ 18ರಂದು ವಾಟರ್ಲೂನಲ್ಲಿ ನೆಪೋಲಿಯನ್ ಸೋತ. ಆ ಸುದ್ದಿ ಎಲ್ಲರಿಗಿಂತ ಮೊದಲು ನೇಥನ್‌ಗೆ ತಿಳಿಯಿತು. ಆತ ಬ್ರಿಟನ್ ಸೋತಂತೆ ನಟಿಸಿ ಬಾಂಡ್‌ಗಳನ್ನು ಮಾರತೊಡಗಿದ. ಮಾರುಕಟ್ಟೆ ಕುಸಿಯಿತು. ಆಮೇಲೆ ಎಲ್ಲವನ್ನೂ ಪುಡಿಗಾಸಿಗೆ ಕೊಂಡು ಇಡೀ ಇಂಗ್ಲೆಂಡಿನ ಒಡೆಯನಾದ.

ಕೇಳಲು ಸಿನಿಮಾದಂತಿದೆ. ಈಗ ಒಂದೊಂದಾಗಿ ನೋಡೋಣ.

ಒಂದು, ಆ ದಿನಗಳ ಲಂಡನ್ ಮಾರುಕಟ್ಟೆಯ ದರಗಳು ದಾಖಲಾಗಿವೆ. ಅಂಥ ಕುಸಿತ ನಡೆದೇ ಇಲ್ಲ.

ಎರಡು, ಸರ್ಕಾರಕ್ಕೆ ಅಧಿಕೃತ ಸುದ್ದಿ ತಂದ ಮೇಜರ್ ಹೆನ್ರಿ ಪರ್ಸಿ ಜೂನ್ 21ರ ರಾತ್ರಿ ಲಂಡನ್ ತಲುಪಿದ. ನೇಥನ್‌ಗೆ ಸುದ್ದಿ ಮೊದಲೇ ತಿಳಿದು ಒಂದಿಷ್ಟು ಲಾಭವಾಯಿತು ಎಂಬ ಸುಳಿವು ಆತನ ನೌಕರನೊಬ್ಬ ಬರೆದ ಪತ್ರದಲ್ಲಿದೆ. ಆದರೆ ಒಂದಿಷ್ಟು ಲಾಭ ಬೇರೆ, ದೇಶವನ್ನೇ ಕೊಂಡದ್ದು ಬೇರೆ.

ಮೂರು, ನೆಪೋಲಿಯನ್ ಮರಳಿ ಬಂದಾಗ ಯುದ್ಧ ಬಹಳ ಕಾಲ ನಡೆಯುತ್ತದೆ ಎಂದು ನಂಬಿ ನೇಥನ್ ರಾಶಿ ಚಿನ್ನ ಕೊಂಡಿಟ್ಟಿದ್ದ. ಯುದ್ಧ ಬೇಗ ಮುಗಿದದ್ದು ಆತನಿಗೆ ಲಾಟರಿಯಲ್ಲ, ತಲೆನೋವು.

ಹಾಗಾದರೆ ಕಥೆ ಹುಟ್ಟಿದ್ದು ಎಲ್ಲಿ? 1846ರಲ್ಲಿ, ಪ್ಯಾರಿಸ್‌ನಲ್ಲಿ. ಆ ವರ್ಷ ಜುಲೈನಲ್ಲಿ ಜೇಮ್ಸ್ ರಾಥ್‌ಚೈಲ್ಡ್‌ನ ರೈಲ್ವೆ ಕಂಪನಿಯ ಹೊಸ ಮಾರ್ಗದಲ್ಲಿ ಫಾಂಪೂ ಎಂಬಲ್ಲಿ ರೈಲು ಅಪಘಾತವಾಯಿತು. ಜನ ಸಿಟ್ಟಿಗೆದ್ದಿದ್ದರು. ಅದೇ ಹೊತ್ತಿಗೆ ಜಾರ್ಜ್ ಡೇರ್ನ್‌ವೇಲ್ ಎಂಬಾತ 'ಸೈತಾನ' ಎಂಬ ಕಾವ್ಯನಾಮದಲ್ಲಿ ಒಂದು ಕಿರುಹೊತ್ತಿಗೆ ಬರೆದ. ನೇಥನ್ ವಾಟರ್ಲೂ ರಣರಂಗದಲ್ಲೇ ಇದ್ದ, ಬಿರುಗಾಳಿಯಲ್ಲಿ ಸಮುದ್ರ ದಾಟಿ ಬಂದ, 2 ಕೋಟಿ ಫ್ರಾಂಕ್ ಗಳಿಸಿದ ಎಂದೆಲ್ಲ ಅದರಲ್ಲಿತ್ತು. ವಾಟರ್ಲೂ ಮುಗಿದು 31 ವರ್ಷ, ನೇಥನ್ ಸತ್ತು 10 ವರ್ಷ ಆಗಿತ್ತು. ನಂತರದವರು ಅದಕ್ಕೆ ಉಪ್ಪುಖಾರ ಸೇರಿಸಿದರು. ಅಪಘಾತದ ಬಗ್ಗೆ ಕೇಳಬೇಕಿದ್ದ ನ್ಯಾಯವಾದ ಪ್ರಶ್ನೆ, ಒಂದು ಜನಾಂಗದ ಮೇಲಿನ ದ್ವೇಷದ ಕಥೆಯಾಗಿ ತಿರುಗಿತು.

ನಿಜವಾದ ಗುಟ್ಟು ಏನು?

ಅವರು ದೊಡ್ಡವರಾದದ್ದಕ್ಕೆ ಮುಖ್ಯ ಕಾರಣಗಳು ಮೂರು.

ಮೊದಲನೆಯದು ಸುದ್ದಿ. ಅಣ್ಣತಮ್ಮಂದಿರು ನಿತ್ಯ ಎಂಬಂತೆ ಪತ್ರ ಬರೆಯುತ್ತಿದ್ದರು. ಭಾಷೆ ಜರ್ಮನ್, ಲಿಪಿ ಹೀಬ್ರೂ. ದಾರಿಯಲ್ಲಿ ಯಾರಾದರೂ ಒಡೆದು ನೋಡಿದರೂ ಸುಲಭಕ್ಕೆ ಓದಲಾಗದು. ತಮ್ಮದೇ ಅಂಚೆಯಾಳುಗಳನ್ನು ಇಟ್ಟಿದ್ದರು. ಟೆಲಿಗ್ರಾಫ್ ಇಲ್ಲದ ಕಾಲದಲ್ಲಿ ಇದು ದೊಡ್ಡ ಬಲ.

ಎರಡನೆಯದು ಹೊಸ ಬಗೆಯ ಸಾಲಪತ್ರ. ಅಲ್ಲಿಯವರೆಗೆ ಬೇರೆ ದೇಶದ ರಾಜನಿಗೆ ಸಾಲ ಕೊಟ್ಟರೆ ಬಡ್ಡಿ ಸಿಗುತ್ತಿದ್ದದ್ದು ಸಾಮಾನ್ಯವಾಗಿ ಆ ದೇಶದ ನಾಣ್ಯದಲ್ಲಿ, ಆ ದೇಶದಲ್ಲೇ. 1818ರಲ್ಲಿ ನೇಥನ್ ಪ್ರಷ್ಯಾ ದೇಶಕ್ಕೆ 50 ಲಕ್ಷ ಪೌಂಡ್ ಸಾಲ ಎತ್ತಿಕೊಟ್ಟ. ಸಾಲ ಪೌಂಡ್‌ನಲ್ಲಿ, ಬಡ್ಡಿ ಲಂಡನ್‌ನಲ್ಲಿ. ಇದರಿಂದ ಸಾಮಾನ್ಯ ಹೂಡಿಕೆದಾರರೂ ಹೆದರಿಕೆಯಿಲ್ಲದೆ ವಿದೇಶಿ ಬಾಂಡ್ ಕೊಳ್ಳುವಂತಾಯಿತು. ಐದು ನಗರಗಳಲ್ಲೂ ರಾಥ್‌ಚೈಲ್ಡ್ ಮನೆ ಇದ್ದದ್ದರಿಂದ ಮಾರುವುದೂ ಸುಲಭ. ಇಲ್ಲಿ ಗಮನಿಸಿ: ಆ ಹಣವೆಲ್ಲ ರಾಥ್‌ಚೈಲ್ಡ್‌ಗಳ ಜೇಬಿನದ್ದಲ್ಲ. ಸಾವಿರಾರು ಹೂಡಿಕೆದಾರರ ಹಣ. ಇವರು ಮಧ್ಯೆ ನಿಂತು ಕಮಿಷನ್ ಪಡೆದವರು.

ಮೂರನೆಯದು ಕಾಲ. ನೆಪೋಲಿಯನ್ ಯುದ್ಧ ಮುಗಿದ ಮೇಲೆ ಸರ್ಕಾರಗಳಿಗೆ ಸಾಲ ಬೇಕಿತ್ತು. ನಂತರ ರೈಲು ಹಳಿ ಹಾಕಲು ಬಂಡವಾಳ ಬೇಕಿತ್ತು. ಆಸ್ಟ್ರಿಯಾದಲ್ಲಿ ಸಾಲೊಮನ್, ಫ್ರಾನ್ಸ್‌ನಲ್ಲಿ ಜೇಮ್ಸ್ ರೈಲ್ವೆಗೆ ಕೈಹಾಕಿದರು. ಸರಿಯಾದ ಹೊತ್ತಿನಲ್ಲಿ ಸರಿಯಾದ ಜಾಗದಲ್ಲಿದ್ದರು.

ಹಾಗಂತ ಅವರನ್ನು ಟೀಕಿಸಬಾರದೇ?

ಖಂಡಿತ ಟೀಕಿಸಬಹುದು. 1833ರಲ್ಲಿ ಬ್ರಿಟನ್ ತನ್ನ ಸಾಮ್ರಾಜ್ಯದ ಹೆಚ್ಚಿನ ಭಾಗದಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಾಗ 2 ಕೋಟಿ ಪೌಂಡ್ ಪರಿಹಾರ ಘೋಷಿಸಿತು. ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಅದಕ್ಕೆ ಬೇಕಾದ 1.5 ಕೋಟಿ ಪೌಂಡ್ ಸಾಲವನ್ನು 1835ರಲ್ಲಿ ಎತ್ತಿಕೊಟ್ಟವರು ನೇಥನ್ ಮತ್ತು ಆತನ ಬಂಧು ಮೋಸೆಸ್ ಮಾಂಟೆಫಿಯೋರೆ. 1875ರಲ್ಲಿ ಸೂಯೆಜ್ ಕಾಲುವೆಯಲ್ಲಿ ಈಜಿಪ್ಟ್ ಆಡಳಿತಗಾರನಿಗಿದ್ದ ಷೇರುಗಳನ್ನು ಬ್ರಿಟಿಷ್ ಪ್ರಧಾನಿ ಡಿಸ್ರೇಲಿ ತರಾತುರಿಯಲ್ಲಿ ಕೊಳ್ಳಲು ಹೊರಟಾಗ 40 ಲಕ್ಷ ಪೌಂಡ್ ಕೊಟ್ಟದ್ದು ನೇಥನ್‌ನ ಮಗ ಲಯೋನೆಲ್. ಭಾರತಕ್ಕೆ ಬರುವ ಹಡಗಿನ ದಾರಿ ಬ್ರಿಟನ್ನಿನ ಹಿಡಿತಕ್ಕೆ ಹತ್ತಿರವಾಗಲು ಅದು ನೆರವಾಯಿತು. ಸಾಮ್ರಾಜ್ಯಶಾಹಿಗೆ ಹಣ ಒದಗಿಸಿದ್ದನ್ನು ಪ್ರಶ್ನಿಸುವುದು ಇತಿಹಾಸದ ಕೆಲಸವೇ. ಆದರೆ ಪ್ರಶ್ನೆ ಬ್ಯಾಂಕ್ ಏನು ಮಾಡಿತು ಎಂಬುದರ ಮೇಲಿರಬೇಕು, ಬ್ಯಾಂಕಿನವರ ಧರ್ಮದ ಮೇಲಲ್ಲ.

ಹಣವಿದ್ದರೂ ಆಗದ ಕೆಲಸಗಳು

ನೇಥನ್ 1836ರಲ್ಲಿ ಮಗನ ಮದುವೆಗೆಂದು ಫ್ರಾಂಕ್‌ಫರ್ಟ್‌ಗೆ ಹೋದ. ಅಲ್ಲಿ ಒಂದು ಕೀವುಗಟ್ಟಿದ ಹುಣ್ಣು ಸೋಂಕಾಗಿ ಪ್ರಾಣ ಹೋಯಿತು. ಆಗಿನ ಜಗತ್ತಿನ ಅತ್ಯಂತ ಶ್ರೀಮಂತರಲ್ಲಿ ಒಬ್ಬ, ಇಂದು ಆಂಟಿಬಯೋಟಿಕ್‌ನಿಂದ ಗುಣವಾಗಬಹುದಾಗಿದ್ದ ಸೋಂಕಿನಿಂದ ಸತ್ತ.

ಲಯೋನೆಲ್ 1847ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ. ಆದರೆ ಕ್ರೈಸ್ತನಾಗಿ ಪ್ರಮಾಣ ಮಾಡಬೇಕೆಂಬ ನಿಯಮವಿತ್ತು. ಮತ್ತೆ ಮತ್ತೆ ಗೆದ್ದರೂ ಆಸನದಲ್ಲಿ ಕೂರಲು 1858ರವರೆಗೆ, ಅಂದರೆ 11 ವರ್ಷ ಕಾಯಬೇಕಾಯಿತು. ಜಗತ್ತನ್ನೇ ಆಳುವವರಿಗೆ ಒಂದು ಕುರ್ಚಿಗೆ 11 ವರ್ಷ ಬೇಕೇ?

'ಅವರೇ ಯುದ್ಧ ಮಾಡಿಸುತ್ತಾರೆ' ಎಂಬ ಮಾತನ್ನೂ ನೋಡಿ. ಸರ್ಕಾರಿ ಬಾಂಡ್ ಇಟ್ಟುಕೊಂಡವರಿಗೆ ಯುದ್ಧ, ಕ್ರಾಂತಿ ಎಂದರೆ ಭಯ, ಯಾಕೆಂದರೆ ಬಾಂಡ್ ಬೆಲೆ ಬೀಳುತ್ತದೆ. 1830ರ ಫ್ರೆಂಚ್ ಕ್ರಾಂತಿಯಲ್ಲಿ ಜೇಮ್ಸ್‌ಗೆ ಭಾರೀ ನಷ್ಟವಾಯಿತು. 1848ರ ಕ್ರಾಂತಿಯಲ್ಲಿ ಸಾಲೊಮನ್ ವಿಯೆನ್ನಾ ಬಿಟ್ಟು ಓಡಬೇಕಾಯಿತು.

ಆಮೇಲೆ ಇಳಿಜಾರು. ಇಟಲಿ ಒಂದಾದ ಮೇಲೆ 1863ರಲ್ಲಿ ನೇಪಲ್ಸ್ ಮನೆ ಮುಚ್ಚಿತು. 1901ರಲ್ಲಿ ಫ್ರಾಂಕ್‌ಫರ್ಟ್ ಮನೆಯೂ ಮುಚ್ಚಿತು. ಅಮೆರಿಕದಲ್ಲಿ ಅವರು ಏಜೆಂಟರನ್ನು ಇಟ್ಟರೇ ಹೊರತು ತಮ್ಮ ಮನೆ ಕಟ್ಟಲಿಲ್ಲ. ಸಾರ್ವಜನಿಕರ ಠೇವಣಿಯಿಂದ ನಡೆಯುವ ದೊಡ್ಡ ಬ್ಯಾಂಕ್‌ಗಳು ಅವರನ್ನು ಹಿಂದೆ ಹಾಕಿದವು. 1938ರಲ್ಲಿ ನಾಜಿಗಳು ವಿಯೆನ್ನಾದ ಆಸ್ತಿ ಕಿತ್ತುಕೊಂಡು ಲೂಯಿ ರಾಥ್‌ಚೈಲ್ಡ್‌ನನ್ನು ಸುಮಾರು ಒಂದು ವರ್ಷ ಬಂಧನದಲ್ಲಿಟ್ಟರು. 1982ರಲ್ಲಿ ಫ್ರಾನ್ಸ್ ಸರ್ಕಾರ ಪ್ಯಾರಿಸ್ ಬ್ಯಾಂಕನ್ನು ರಾಷ್ಟ್ರೀಕರಣ ಮಾಡಿತು.

ಇಂದಿನ ಫಾರ್ವರ್ಡ್‌ಗಳು: ಹೇಳಿಕೆ ಮತ್ತು ವಾಸ್ತವ

ಹೇಳಿಕೆ: ಎಲ್ಲಾ ದೇಶಗಳ ಕೇಂದ್ರ ಬ್ಯಾಂಕ್ ಅವರದ್ದೇ.
ವಾಸ್ತವ: ನಮ್ಮ ರಿಸರ್ವ್ ಬ್ಯಾಂಕ್ 1935ರಲ್ಲಿ ಶುರುವಾಗಿ 1949ರ ಜನವರಿ 1ರಿಂದ ಪೂರ್ತಿ ಭಾರತ ಸರ್ಕಾರದ ಒಡೆತನದಲ್ಲಿದೆ. ಬ್ಯಾಂಕ್ ಆಫ್ ಇಂಗ್ಲೆಂಡ್ ಸ್ಥಾಪನೆಯಾದದ್ದು 1694ರಲ್ಲಿ, ಮೇಯರ್ ಹುಟ್ಟುವ 50 ವರ್ಷ ಮೊದಲು. 1946ರಿಂದ ಅದು ಸರ್ಕಾರದ ಸ್ವತ್ತು. ಅಮೆರಿಕದ ಫೆಡರಲ್ ರಿಸರ್ವ್‌ನ ಆಡಳಿತ ಮಂಡಳಿಯನ್ನು ಅಧ್ಯಕ್ಷರು ನೇಮಿಸಿ ಸೆನೆಟ್ ಒಪ್ಪುತ್ತದೆ.

ಹೇಳಿಕೆ: ಅವರ ಆಸ್ತಿ 500 ಲಕ್ಷ ಕೋಟಿ ಡಾಲರ್.
ವಾಸ್ತವ: 2022ರ ಕೊನೆಯಲ್ಲಿ ಇಡೀ ಜಗತ್ತಿನ ಜನರ ಒಟ್ಟು ಸಂಪತ್ತೇ ಸುಮಾರು 454 ಲಕ್ಷ ಕೋಟಿ ಡಾಲರ್ ಎಂದು ಸ್ವಿಸ್ ಬ್ಯಾಂಕ್‌ಗಳ ವರದಿ ಅಂದಾಜು ಮಾಡಿತ್ತು. ನೀವು, ನಾವು, ನಮ್ಮ ಪಕ್ಕದ ಮನೆಯವರು ಎಲ್ಲರ ಆಸ್ತಿ ಸೇರಿಸಿದರೂ ಆಗ ಆ ಲೆಕ್ಕ ಮುಟ್ಟುತ್ತಿರಲಿಲ್ಲ. ರಾಥ್‌ಚೈಲ್ಡ್ ವಂಶಸ್ಥರು ಈಗಲೂ ಶ್ರೀಮಂತರು. ಬ್ಯಾಂಕಿಂಗ್ ಸಂಸ್ಥೆಗಳು, ಫ್ರಾನ್ಸ್‌ನಲ್ಲಿ ದ್ರಾಕ್ಷಿ ತೋಟಗಳು ಇವೆ. ಆದರೆ ಆಸ್ತಿ ಅನೇಕ ಕವಲುಗಳಲ್ಲಿ ಹಂಚಿಹೋಗಿದೆ.

ಹೇಳಿಕೆ: ದೇಶದ ಹಣ ನನ್ನ ಕೈಯಲ್ಲಿದ್ದರೆ ಕಾನೂನು ಯಾರು ಮಾಡಿದರೇನು ಎಂದು ಮೇಯರ್ ಹೇಳಿದ್ದ.
ವಾಸ್ತವ: ಆತ ಬದುಕಿದ್ದ ಕಾಲದ ಯಾವ ದಾಖಲೆಯಲ್ಲೂ ಈ ಮಾತು ಸಿಕ್ಕಿಲ್ಲ. ಆತ ಸತ್ತ ಬಹಳ ಕಾಲದ ನಂತರ ಆತನ ಹೆಸರಿಗೆ ಅಂಟಿಸಿದ್ದು.

ಒಂದು ಫಾರ್ವರ್ಡ್‌ನಿಂದ ಏನಾಗುತ್ತದೆ?

'ಯಾರೋ ದೂರದ ಶ್ರೀಮಂತರು, ಅವರ ಬಗ್ಗೆ ಒಂದು ಕಥೆ ಕಳಿಸಿದರೆ ನಷ್ಟವೇನು?' ಎಂದು ನಿಮಗೆ ಅನಿಸಬಹುದು. 1846ರ ಆ ಕಿರುಹೊತ್ತಿಗೆಯ ವಾಟರ್ಲೂ ಕಥೆಯನ್ನು 1940ರಲ್ಲಿ ನಾಜಿಗಳು 'ದಿ ರೋಟ್‌ಶಿಲ್ಟ್ಸ್' ಎಂಬ ಸಿನಿಮಾ ಮಾಡಿ ಜರ್ಮನಿಯಲ್ಲಿ ತೋರಿಸಿದರು. ಜನರ ಮನಸ್ಸಿನಲ್ಲಿ ಯಹೂದಿಗಳ ಮೇಲೆ ದ್ವೇಷ ತುಂಬುವುದೇ ಉದ್ದೇಶವಾಗಿತ್ತು. ನಂತರದ ವರ್ಷಗಳಲ್ಲಿ ಸುಮಾರು 60 ಲಕ್ಷ ಯಹೂದಿಗಳ ಕೊಲೆಯಾಯಿತು. ಅವರಲ್ಲಿ ಬಹುಪಾಲು ಜನ ದರ್ಜಿಗಳು, ಅಂಗಡಿಯವರು, ಶಿಕ್ಷಕರು, ಮಕ್ಕಳು. ಬ್ಯಾಂಕ್ ಮಾಲೀಕರಲ್ಲ. ರಾಥ್‌ಚೈಲ್ಡ್ ಹೆಸರೂ ರಕ್ಷಣೆ ಕೊಡಲಿಲ್ಲ. ಫಿಲಿಪ್ ರಾಥ್‌ಚೈಲ್ಡ್‌ನ ಹೆಂಡತಿ ಎಲಿಜಬೆತ್ ಹುಟ್ಟಿನಿಂದ ಯಹೂದಿಯೂ ಆಗಿರಲಿಲ್ಲ. ಆಕೆ 1945ರಲ್ಲಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಸತ್ತಳು.

ಇಂಥ ಕಥೆ ನಮಗೆ ಹಿಡಿಸಲು ಕಾರಣವಿದೆ. ಬೆಲೆ ಏರಿಕೆ, ಸಾಲ, ಯುದ್ಧ ಇವೆಲ್ಲ ಅರ್ಥವಾಗದ ಸಿಕ್ಕುಗಳು. ಎಲ್ಲಕ್ಕೂ ಒಂದೇ ಮನೆ ಕಾರಣ ಎಂದರೆ ಮನಸ್ಸಿಗೆ ಸಮಾಧಾನ. ಜೊತೆಗೆ, ಕಥೆಯಲ್ಲಿ ಒಂದು ಹಿಡಿ ಸತ್ಯವೂ ಇರುತ್ತದೆ. ನೇಥನ್ ಇದ್ದ, ಚಿನ್ನ ಸಾಗಿಸಿದ, ಶ್ರೀಮಂತನಾದ. ಆ ಒಂದು ಹಿಡಿ ಸತ್ಯದ ಮೇಲೆ ಸುಳ್ಳು ಸವಾರಿ ಮಾಡುತ್ತದೆ.

ಮುಂದಿನ ಸಲ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿನ ದಿನಾಂಕ, ಮೊತ್ತ ಲೆಕ್ಕಕ್ಕೆ ಕೂರುತ್ತದೆಯೇ? ಈ ಕಥೆಯನ್ನು ಮೊದಲು ಯಾರು, ಯಾವಾಗ ಹೇಳಿದರು? ಒಬ್ಬರ ಅಥವಾ ಒಂದು ಸಂಸ್ಥೆಯ ಕೆಲಸವನ್ನು ಇಡೀ ಸಮುದಾಯದ ತಲೆಗೆ ಕಟ್ಟುತ್ತಿದೆಯೇ? ಮೂರರಲ್ಲಿ ಒಂದಕ್ಕೆ ಅನುಮಾನ ಬಂದರೂ ಸಾಕು, ಅಲ್ಲಿಯೇ ನಿಲ್ಲಿಸಿ. ಕಳುಹಿಸಿದವರು ನಿಮ್ಮ ಆಪ್ತರೇ ಆಗಿದ್ದರೆ ಜಗಳ ಬೇಡ, 'ಇದನ್ನು ಒಮ್ಮೆ ನೋಡಿ' ಎಂದು ಸರಿಯಾದ ಮಾಹಿತಿ ಕೊಡಿ. ಹಂಚಲೇಬೇಕು ಎನಿಸಿದರೆ ಅದನ್ನೇ ಹಂಚೋಣ.